ಕಣದಲ್ಲಿ ಹಾಜರಿ

ಕಳೆದ ಡಿಸೆಂಬರಿನಲ್ಲಿ ಬೆಳ್ಳೂರಿನಿಂದ ನಾಗಮಂಗಲದ ಕಡೆಗೆ ಬರುತ್ತಿದ್ದ ನಮ್ಮ ಬಸ್ಸು ಒಂದು ಊರಿನ ಹತ್ತಿರ ನಿಧಾನವಾಯಿತು. ರಸ್ತೆಯ ಮೇಲೆ ರಾಗಿಯ ತೆನೆಹುಲ್ಲು ಹರಡಿದ್ದರು. ಈಗ ಕಣ ಮಾಡುವವರು ಕಡಿಮೆ, ಬಸ್ಸು ಲಾರಿಗಳ ಚಕ್ರವೇ ತೆನೆ ತುಳಿಯುತ್ತದೆ. ಕಿಟಕಿಯಿಂದ ದೂಳು ಒಳಗೆ ಬಂತು. ಒಣಹುಲ್ಲು, ಸಗಣಿ, ಬಿಸಿಲು ಕುಡಿದ ಕಾಳು ಎಲ್ಲ ಬೆರೆತ ವಾಸನೆ. ಪಕ್ಕದ ಸೀಟಿನವರು ಸೀನಿ ಕಿಟಕಿ ಎಳೆದುಕೊಂಡರು. ಅಷ್ಟರಲ್ಲಿ ನಾನು ಒತಿಯೆನೊನ ಚಳಿಗಾಲಕ್ಕೆ ಹೋಗಿಬಿಟ್ಟಿದ್ದೆ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ ಅದು. ನಾನಾಗ ಮೈಸೂರಿನ ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕ. ಮನೆ ಶ್ರೀರಂಗಪಟ್ಟಣದ ಕೋಟೆಯೊಳಗೆ. ಅವ್ವ ಮತ್ತು ನಾನು, ಇಬ್ಬರೇ. ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಕಚೇರಿಯ ಜಾಹೀರಾತು ಮೇಜಿನ ಮುಂದೆ ಎತ್ತರದ ಆಫ್ರಿಕನ್ ಯುವಕನೊಬ್ಬ ನಿಂತಿದ್ದ. ಬಾಡಿಗೆಗೆ ಕೋಣೆ ಬೇಕೆಂದು ಎರಡು ಸಾಲಿನ ಜಾಹೀರಾತು ಕೊಡಲು ಬಂದವನು. ಮೇಜಿನವರು ಏನೋ ಕೇಳಿದರು. ಅವನು ಕಿವಿ ಮುಟ್ಟಿ ಕೈಯಾಡಿಸಿದ. ಅವರು ಅದನ್ನೇ ಇನ್ನೂ ಜೋರಾಗಿ ಕೇಳಿದರು. ನಾನು ಎದ್ದು ಹೋಗಿ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿದೆ.

ಒತಿಯೆನೊ ಕೀನ್ಯಾದವನು. ಅಲ್ಲಿನ ದೊಡ್ಡ ಸರೋವರದ ದಡದ ಕಬ್ಬಿನ ಸೀಮೆ ಅವನದು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಕಿವಿಯನ್ನು ಪೂರ್ತಿ ಕಿತ್ತುಕೊಂಡು ಹೋಗಿತ್ತು. ಅಷ್ಟರಲ್ಲಿ ಮಾತು ಬಂದಿದ್ದರಿಂದ ಇಂಗ್ಲಿಷ್ ಮಾತಾಡುತ್ತಿದ್ದ, ಏರಿಳಿತವಿಲ್ಲದ ಒಂದೇ ಸಮದ ದನಿಯಲ್ಲಿ. ಮೈಸೂರಿನಲ್ಲಿ ಭೂಗೋಳದ ಎಂ.ಎ.ಗೆ ಸೇರಿದ್ದ. ಹಾಸ್ಟೆಲಿನಲ್ಲಿ ಜಾಗ ತುಂಬಿತ್ತು. ಕೋಣೆ ಕೇಳಿಕೊಂಡು ಹೋದಲ್ಲೆಲ್ಲ ಬಾಗಿಲಲ್ಲೇ ನಿಲ್ಲಿಸಿ ‘ಆಗಲೇ ಕೊಟ್ಟಾಯಿತು’ ಎಂದು ಕಳಿಸುತ್ತಿದ್ದರು. ಈ ಊರಿನಲ್ಲಿ ಜನರ ತುಟಿ ನೋಡಿ ತಾನು ಓದಲು ಕಲಿತ ಮೊದಲ ವಾಕ್ಯ ಅದೇ ಎಂದು ಆಮೇಲೆ ಹೇಳಿದ.

ನಮ್ಮ ಮನೆಯ ಮಹಡಿಯ ಕೋಣೆ ಖಾಲಿ ಇತ್ತು. ಸಂಜೆ ಅವ್ವನನ್ನು ಕೇಳಿದೆ. ಬೇರೆ ದೇಶದವನು, ಕಿವಿಯೂ ಕೇಳಿಸುವುದಿಲ್ಲ ಎಂದು ಎರಡನ್ನೂ ಮೊದಲೇ ಹೇಳಿದೆ.

“ಕೇಳ್ದೇ ಇದ್ರೆ ಏನಾಯ್ತ್ಲಾ. ನಿಮ್ಮಪ್ಪಂಗೆ ಎರಡು ಕಿವೀನೂ ನೆಟ್ಟಗಿತ್ತು, ನನ್ ಮಾತ್ ಯಾವತ್ತಾರ ಕಿವಿಗಾಕ್ಕೊಂಡ್ರಾ?” ಅಂದಳು ಅವ್ವ. “ಬರ್ಲಿ ಬುಡು. ಮುದ್ದೆ ತಿಂತಾನಾ ಕೇಳು.”

ಅವನು ಮುದ್ದೆ ತಿಂದ. ಅವರ ಊರಿನಲ್ಲೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರಂತೆ, ಜೋಳದ ಹಿಟ್ಟಿನಲ್ಲಿ. ಆದರೆ ಅಗಿದು ತಿಂದ. ಅವ್ವ ತಡೆದು, ಕೈ ಸನ್ನೆಯಲ್ಲಿ ನುಂಗಬೇಕೆಂದು ತೋರಿಸಿಕೊಟ್ಟಳು. ಅವರಿಬ್ಬರ ನಡುವಿನ ಭಾಷೆ ಶುರುವಾದದ್ದು ಅಲ್ಲಿಂದ. ಅವಳು ಅವನನ್ನು ಒತ್ಯಪ್ಪ ಎನ್ನುತ್ತಿದ್ದಳು. ಕೇಳಿಸದಿದ್ದರೂ ಅವನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದಳು, ಕೈಯನ್ನೂ ಕಣ್ಣನ್ನೂ ಜೊತೆಗೆ ಸೇರಿಸಿ. ಬಾಗಿಲು ತಟ್ಟಿ ಪ್ರಯೋಜನವಿಲ್ಲ ಎಂದು ಗೊತ್ತಾದ ಮೇಲೆ ಅಡುಗೆಮನೆಯ ಕಿಟಕಿಯಿಂದ ಅವನ ಕಿಟಕಿಗೆ ಒಂದು ದಾರ ಕಟ್ಟಿ, ಅದರ ತುದಿಗೆ ಹಳೇ ಸೀರೆಯ ಕೆಂಪು ಚೂರು ತೂಗುಬಿಟ್ಟಳು. ಕೆಳಗೆ ದಾರ ಜಗ್ಗಿದರೆ ಮೇಲೆ ಬಟ್ಟೆ ಕುಣಿಯುತ್ತಿತ್ತು. ಆಗ ಅವನು ಊಟಕ್ಕೆ ಇಳಿದು ಬರುತ್ತಿದ್ದ.

ನನ್ನ ಜೊತೆ ಮಾತಿಗೆ ಸ್ಲೇಟು ಬಳಪ ಇತ್ತು. ತುಟಿ ಓದುವುದು ಇಲ್ಲಿ ಕಷ್ಟ ಎನ್ನುತ್ತಿದ್ದ. ಗಂಡಸರಲ್ಲಿ ಅರ್ಧ ಜನಕ್ಕೆ ಮೀಸೆ ಬಾಯಿಯ ಮೇಲೆ ಬಿದ್ದಿರುತ್ತದೆ. ಉಳಿದರ್ಧ ಜನರ ಬಾಯಲ್ಲಿ ಎಲೆಯಡಿಕೆ ಇರುತ್ತದೆ.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಅವನು ಮೈಸೂರಿಗೆ ಹೋಗುತ್ತಿದ್ದ. ಮುಂಚಿನ ನಿಲ್ದಾಣ ಪಾಂಡವಪುರದಲ್ಲಿ ಸುಜಾತ ಹತ್ತಿಕೊಂಡು ಬಂದಿರುತ್ತಿದ್ದಳು. ಅವಳು ಅವನ ಸಹಪಾಠಿ, ಹಾಲಿನ ಡೈರಿಯ ಕಾರ್ಯದರ್ಶಿಯ ಮಗಳು, ಮಾತಿನಮಲ್ಲಿ. ತರಗತಿಯಲ್ಲಿ ತನ್ನ ನೋಟ್ಸಿನ ಹಾಳೆಯ ಕೆಳಗೆ ಕಾರ್ಬನ್ ಇಟ್ಟು ಒಂದು ಪ್ರತಿಯನ್ನು ಅವನಿಗೆ ಕೊಡುತ್ತಿದ್ದಳು. ಅಕ್ಟೋಬರ್ ಕಳೆದ ಮೇಲೆ ಬೆಳಿಗ್ಗೆ ಮಂಜು ಬೀಳತೊಡಗಿತು. ನಮ್ಮ ಮಹಡಿಯ ಮೇಲೆ ನಿಂತರೆ ಹೊಳೆ ಕಾಣುತ್ತಿರಲಿಲ್ಲ, ಆಚೆಗೆ ಕರಿಘಟ್ಟದ ನೆತ್ತಿ ಮಾತ್ರ ಬಿಳಿಯ ಮೇಲೆ ತೇಲುತ್ತಿತ್ತು. ಒತಿಯೆನೊ ಅದನ್ನು ನೋಡುತ್ತ ಹಲ್ಲುಜ್ಜುತ್ತಿದ್ದ. ರೈಲು ಹೊಳೆ ದಾಟುವುದು ತನಗೆ ಅಂಗಾಲಿನಲ್ಲಿ ಗೊತ್ತಾಗುತ್ತದೆ, ಸೇತುವೆಯ ಮೇಲೆ ಬಂದಾಗ ನಡುಕ ಬೇರೆ ಥರ ಇರುತ್ತದೆ ಎಂದು ಒಮ್ಮೆ ಸ್ಲೇಟಿನಲ್ಲಿ ಬರೆದ. ಅವನಿಗೆ ಎಲ್ಲ ಒಗ್ಗಿಕೊಳ್ಳುತ್ತಿದೆ ಎಂದೇ ನಾವು ತಿಳಿದಿದ್ದೆವು.

ನವೆಂಬರಿನ ಒಂದು ಸಂಜೆ ಸುಜಾತ ಪಾಂಡವಪುರಕ್ಕೆ ಹೋಗದೆ ಶ್ರೀರಂಗಪಟ್ಟಣದಲ್ಲೇ ಇಳಿದು, ಅವನ ಜೊತೆ ನಮ್ಮ ಮನೆಗೆ ಬಂದಳು. ವಿಭಾಗದ ನೋಟಿಸ್ ಬೋರ್ಡಿನಲ್ಲಿ ಹಾಜರಿ ಕಡಿಮೆಯಿರುವವರ ಹೆಸರು ಹಾಕಿದ್ದರು. ಒತಿಯೆನೊನ ಹೆಸರು ಮೊದಲು ಇತ್ತು. ಪ್ರೊಫೆಸರ್ ನಂಜೇಗೌಡರ ತರಗತಿಗೆ ಅವನು ಒಂದು ದಿನವೂ ಬಂದಿಲ್ಲ ಎಂದಿತ್ತು.

“ಒಂದು ದಿನಾನೂ ತಪ್ಪಿಸ್ಕೊಂಡಿಲ್ಲ ಸಾರ್ ಇವ್ನು,” ಅಂದಳು ಸುಜಾತ. “ಮೊದಲನೇ ಬೆಂಚಲ್ಲೇ ಕೂತಿರ್ತಾನೆ.”

ಆದದ್ದು ಇಷ್ಟು. ಬೇರೆ ಮೇಷ್ಟ್ರುಗಳು ಹಾಜರಿಗೆ ಹಾಳೆ ಕೊಟ್ಟು ಸಹಿ ಹಾಕಿಸುತ್ತಿದ್ದರು. ನಂಜೇಗೌಡರು ಮಾತ್ರ ಹಳೆಯ ಕ್ರಮದವರು, ನಂಬರು ಕೂಗುತ್ತಿದ್ದರು. ಹಾಗೆ ಕೂಗುವಾಗ ತಲೆ ಪುಸ್ತಕದಲ್ಲಿ ಹುದುಗಿರುತ್ತಿತ್ತು. ಅವರ ತುಟಿ ಮುಂದಿನ ಬೆಂಚಿಗೂ ಕಾಣುತ್ತಿರಲಿಲ್ಲ. ಒತಿಯೆನೊನ ನಂಬರು ಹದಿನೇಳು. ಹದಿನೇಳಕ್ಕೆ ಯಾರೂ ಓಗೊಡಲಿಲ್ಲ, ಅವರು ಗೈರು ಎಂದು ಬರೆದುಕೊಂಡು ಮುಂದೆ ಹೋದರು. ಪರದೇಶದವರಿಗೆ ಬೇರೆ ನಿಯಮ ಇರಬೇಕು ಎಂದು ಹುಡುಗರು ತಿಳಿದರು. ಯಾರಾದರೂ ಹೇಳಿರುತ್ತಾರೆ ಎಂದು ಸುಜಾತ ತಿಳಿದಳು. ಆ ತರಗತಿಯಲ್ಲಿ ಸಿನಿಮಾಕ್ಕೆ ಹೋದವರ ಪರವಾಗಿ ಗೆಳೆಯರು ದನಿ ಬದಲಾಯಿಸಿ ‘ಎಸ್ ಸಾರ್’ ಅನ್ನುತ್ತಿದ್ದರು. ಎದುರಿಗೆ ಕೂತಿದ್ದವನ ಪರವಾಗಿ ಯಾರೂ ಅನ್ನಲಿಲ್ಲ.

ಹಾಗಾದರೆ ಆ ಹೊತ್ತಿನಲ್ಲಿ ನೀನೇನು ಮಾಡುತ್ತಿದ್ದೆ ಎಂದು ಸ್ಲೇಟಿನ ಮೇಲೆ ಬರೆದು ಕೇಳಿದೆ. ಅವನು ಸ್ವಲ್ಪ ನಾಚಿಕೊಂಡೇ ಹೇಳಿದ. ಅದನ್ನು ಪ್ರಾರ್ಥನೆ ಎಂದುಕೊಂಡಿದ್ದನಂತೆ. ಕಿವಿ ಹೋಗುವ ಮುಂಚೆ ಅವನು ಹೋಗುತ್ತಿದ್ದ ಶಾಲೆಯಲ್ಲಿ ಮೇಷ್ಟ್ರು ಪುಸ್ತಕ ಹಿಡಿದು ತಲೆಬಗ್ಗಿಸಿ ಓದಿದರೆ ಮಕ್ಕಳು ಒಬ್ಬೊಬ್ಬರಾಗಿ ಏನೋ ಅನ್ನುತ್ತಿದ್ದರು. ಇಲ್ಲೂ ಹಾಗೇ ಇರಬೇಕೆಂದು ದಿನವೂ ಕೈ ಜೋಡಿಸಿ, ತಲೆ ತಗ್ಗಿಸಿ ಕೂತಿದ್ದ.

ಸುಜಾತ ನಗಲು ಹೋಗಿ ನಿಲ್ಲಿಸಿದಳು. ನಗುವ ವಿಷಯ ಆಗಿರಲಿಲ್ಲ. ಮುಕ್ಕಾಲು ಪಾಲು ಹಾಜರಿ ಬೇಕು. ಜನವರಿ ಮುಗಿಯುವುದರೊಳಗೆ ಸರಿಹೋಗದಿದ್ದರೆ ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ಅವನು ಈ ದೇಶದಲ್ಲಿ ಇರಲು ಪೊಲೀಸರು ಕೊಟ್ಟಿದ್ದ ಅನುಮತಿಯೂ ಹೋಗುತ್ತದೆ. ವಾಪಸ್ಸು ಹೋಗಬೇಕು. ಅವನನ್ನು ಕಳಿಸಲು ಅವರ ಊರಿನ ಕಿವುಡರ ಶಾಲೆಯ ಮೇಷ್ಟ್ರು ಎಷ್ಟೋ ಬಾಗಿಲು ತಟ್ಟಿದ್ದರು. ಆ ಶಾಲೆಯಿಂದ ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತಿದ ಮೊದಲಿಗ ಇವನು. ಇವನು ಸೋತು ಹೋದರೆ ಹಿಂದೆ ಬರುವವರಿಗೆ ಬಾಗಿಲು ಮುಚ್ಚುತ್ತದೆ ಎಂದ. ಹಾಗೆ ಹೇಳುವಾಗಲೂ ಅವನ ದನಿ ಎಂದಿನಂತೆ ಒಂದೇ ಸಮ ಇತ್ತು. ಕೈಗಳು ಮಾತ್ರ ಸುಮ್ಮನಿರಲಿಲ್ಲ.

ಪತ್ರಿಕೆಯಲ್ಲಿ ಬರೆಯುತ್ತೇನೆ ಎಂದೆ. ಮಾರನೇ ದಿನವೇ ಎಲ್ಲ ಸರಿಹೋಗುತ್ತದೆ ಎಂಬ ಧೈರ್ಯ ನನಗೆ. ಅವನು ಸ್ಲೇಟನ್ನು ನನ್ನ ಕೈಯಿಂದ ತೆಗೆದುಕೊಂಡು ಒರೆಸಿಬಿಟ್ಟ. ತಾನು ಬಂದಿರುವುದು ಓದಲು, ಸುದ್ದಿಯಾಗಲು ಅಲ್ಲ ಎಂದ.

ಮರುದಿನ ಅವನ ಜೊತೆ ನಂಜೇಗೌಡರ ಕೋಣೆಗೆ ಹೋದೆ. ಅವರಿಗೆ ಐವತ್ತು ದಾಟಿತ್ತು. ಬಿಳಿ ಅಂಗಿ, ದಪ್ಪ ಕನ್ನಡಕ, ಅದಕ್ಕಿಂತ ದಪ್ಪ ಮೀಸೆ. ನಾನು ಹೇಳಿದ್ದನ್ನೆಲ್ಲ ಕೇಳಿ ಬಹಳ ಹೊತ್ತು ಒತಿಯೆನೊನನ್ನೇ ನೋಡಿದರು. ಅವನ ಮುಖವನ್ನು ಅಂದೇ ಮೊದಲು ನೋಡುತ್ತಿರುವವರ ಹಾಗೆ.

“ಗೈರು ಅಂತ ಬರೆದಿದ್ದನ್ನ ಈಗ ತಿದ್ದೋಕಾಗಲ್ಲ,” ಎಂದರು. “ಒಬ್ಬನಿಗೆ ತಿದ್ದಿದರೆ ನಾಳೆ ಹತ್ತು ಜನ ಬಂದು ನಿಲ್ತಾರೆ. ಆದರೆ ಹೆಚ್ಚಿನ ಪಾಠ ತಗೊಳ್ಳೋ ಅಧಿಕಾರ ನನಗಿದೆ. ಇಲ್ಲಿ ಕೋಣೆ ಸಿಗಲ್ಲ. ಭಾನುವಾರ ನಾನು ಊರಿಗೆ ಹೋಗ್ತೀನಿ, ಒಕ್ಕಣೆ ಕಾಲ. ಅಲ್ಲಿಗೆ ಬರೋಕೆ ಹೇಳಿ. ಇಡೀ ದಿನ ಪಾಠ ಮಾಡ್ತೀನಿ. ಮಾಡಿದ ಪಾಠಕ್ಕೆ ಹಾಜರಿ ಹಾಕ್ತೀನಿ. ಮಾಡದೇ ಇರೋದಕ್ಕೆ ಹಾಕಲ್ಲ.”

ಅವರ ಊರು ಬೆಳ್ಳೂರು ಕ್ರಾಸಿನಿಂದ ಒಳಗೆ. ಭಾನುವಾರ ನನಗೆ ವಾರದ ರಜೆ. ಬರೆದು ಹೇಳಲು ಒಬ್ಬರಿದ್ದರೆ ಒಳ್ಳೆಯದೆಂದು ನಾನೂ ಹೊರಡುತ್ತಿದ್ದೆ. ಬಸ್ಸು ಪಾಂಡವಪುರ ದಾಟಿ, ಕಬ್ಬಿನ ಗಾಡಿಗಳ ಸಾಲನ್ನು ಹಿಂದೆ ಬಿಟ್ಟು, ನಾಗಮಂಗಲದ ಕಡೆಗೆ ಏರಿದಂತೆ ನೆಲದ ಬಣ್ಣವೇ ಬೇರೆಯಾಗುತ್ತಿತ್ತು. ಕಾಲುವೆಯ ಹಸಿರು ಮುಗಿದು ಕೆಂಪು ಮಣ್ಣು, ಹೊಲದಲ್ಲಿ ಒಣಗಿದ ಹೊಂಬಣ್ಣ, ಅಲ್ಲಲ್ಲಿ ಗುಡಿಸಲಿನಂತೆ ನಿಂತ ರಾಗಿ ಮೆದೆ. ಕಬ್ಬಿನ ಗಾಡಿ ಕಂಡಾಗ ಒತಿಯೆನೊ ಕಿಟಕಿಯಿಂದ ಕೈ ಚಾಚಿ ಒಂದು ಜಲ್ಲೆ ಕೀಳುತ್ತಿದ್ದ. ಅದನ್ನು ನಮ್ಮೂರಿನವರ ಹಾಗೆಯೇ ಹಲ್ಲಿನಿಂದ ಸಿಗಿಯುತ್ತಿದ್ದ.

ಪಾಠ ನಡೆಯುತ್ತಿದ್ದುದು ಕಣದ ಅಂಚಿನ ಹೊಂಗೆಮರದ ಕೆಳಗೆ. ಸಗಣಿ ಬಳಿದ ದುಂಡನೆಯ ಕಣದಲ್ಲಿ ಪ್ರೊಫೆಸರರ ಅಣ್ಣ ತಿಮ್ಮಣ್ಣ ಎತ್ತಿನ ಹಿಂದೆ ಕಲ್ಲುಗುಂಡು ಕಟ್ಟಿಕೊಂಡು ತೆನೆಯ ಮೇಲೆ ಸುತ್ತುತ್ತಿದ್ದರು. ಇಲ್ಲಿ ನಂಜೇಗೌಡರು ಚಡ್ಡಿ ಬನಿಯನ್ನು ತೊಟ್ಟು, ತಲೆಗೆ ಟವೆಲು ಸುತ್ತಿ, ಮಡಿಲಲ್ಲಿ ಹಾಜರಿ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದರು. ಮೊದಲನೇ ಭಾನುವಾರವೇ ಅಭ್ಯಾಸಬಲದಿಂದ ತಲೆ ಬಗ್ಗಿಸಿ, “ನಂಬರ್ ಹದಿನೇಳು,” ಎಂದು ಕೂಗಿದರು.

ಮೆದೆಯ ನೆರಳಿನಲ್ಲಿ ಕೂತಿದ್ದ ಅವರ ತಾಯಿ ಕೆಂಪಮ್ಮ ಬಿದ್ದು ಬಿದ್ದು ನಕ್ಕರು. “ಲೇ ನಂಜ, ಆ ಮಗ ನಿನ್ನ ಎದ್ರುಗೇ ಕುಂತವ್ನಲ್ಲೋ. ಪುಸ್ತಕದೊಳ್ಗೆ ಏನ್ಲಾ ಉಡುಕ್ತೀಯ?”

“ಪದ್ಧತಿ ಕಣವ್ವ ಅದು.”

“ಸಂತೇಲಿ ಎಮ್ಮೆ ಕೊಳ್ಳೋವಾಗ್ಲೂ ಮೊಕ ನೋಡ್ತಾರೆ ಕಣ್ಲಾ,” ಅಂದರು ತಿಮ್ಮಣ್ಣ, ಎತ್ತು ನಿಲ್ಲಿಸದೆ.

ಪ್ರೊಫೆಸರು ನಕ್ಕು ತಲೆ ಎತ್ತಿದರು. ಆದರೆ ಸೋಮವಾರ ತರಗತಿಯಲ್ಲಿ ಮತ್ತೆ ಅದೇ. ಆ ನಂಬರು ಬಂದಾಗ ಸುಜಾತ ಮೊಣಕೈಯಿಂದ ತಿವಿಯಬೇಕಾಗುತ್ತಿತ್ತು.

ಡಿಸೆಂಬರ್ ಹೀಗೇ ಹೋಯಿತು. ಆ ಭಾನುವಾರಗಳು ಈಗ ನನಗೆ ಒಂದರೊಳಗೊಂದು ಸೇರಿಹೋಗಿವೆ. ದೂಳಿನ ತೆಳು ಪರದೆಯ ಆಚೆ ಎತ್ತುಗಳು ಸುತ್ತುತ್ತಲೇ ಇವೆ, ಹೊಂಗೆಯ ನೆರಳು ಕಣದ ಮೇಲೆ ಹರಿದಾಡುತ್ತಿದೆ, ಪ್ರೊಫೆಸರರ ಮಾತು ಅರ್ಧ ಅವನ ಕಣ್ಣಿಗೆ ಸಿಕ್ಕಿ ಅರ್ಧ ಮೀಸೆಯಲ್ಲಿ ಉಳಿಯುತ್ತಿದೆ, ಉಳಿದದ್ದನ್ನು ನಾನು ಸ್ಲೇಟಿಗೆ ಇಳಿಸುತ್ತಿದ್ದೇನೆ. ಮಧ್ಯಾಹ್ನ ಕೆಂಪಮ್ಮ ಅವರೆಕಾಳಿನ ಸಾರು, ಮುದ್ದೆ ತರುತ್ತಿದ್ದರು. ಅವನಿಗೆ ನಿದ್ದೆ ಬಂದರೆ ಹುಲ್ಲಿನ ಮೇಲೆ ಗೋಣಿತಾಟು ಹಾಸುತ್ತಿದ್ದರು.

ಜನವರಿಯ ಕೊನೆಯ ಭಾನುವಾರ ಬಂತು. ಇನ್ನು ಒಂದು ಪಾಠ ಸೇರಿದರೆ ಹಾಜರಿ ಮುಟ್ಟುತ್ತದೆ. ಮರುದಿನ ಬೆಳಿಗ್ಗೆ ಹಾಜರಿ ಪುಸ್ತಕವನ್ನು ಕಚೇರಿಗೆ ಒಪ್ಪಿಸಬೇಕು. ನಾವು ಕಣಕ್ಕೆ ಹೋದಾಗ ತುಳಿದ ರಾಗಿ ಹೊಟ್ಟಿನ ಸಮೇತ ಗುಡ್ಡೆಯಾಗಿತ್ತು, ತೂರಲು ಗಾಳಿಯಿಲ್ಲ. ಬೆಳಗಿನಿಂದ ಎಲೆ ಅಲುಗಿಲ್ಲ ಎಂದರು ತಿಮ್ಮಣ್ಣ. ಯಾವ ಗಳಿಗೆಯಲ್ಲಾದರೂ ಬರಬಹುದು, ಬಂದಾಗ ಎಲ್ಲ ಕೈಯೂ ಬೇಕು. ಪ್ರೊಫೆಸರು ಪಾಠ ಶುರುಮಾಡದೆ ಮೊರ ಹಿಡಿದು ಮುಗಿಲು ನೋಡುತ್ತ ನಿಂತರು. ಗಾಳಿ ಬಂದಾಗ ಹೊತ್ತು ಬಹಳ ಇಳಿದಿತ್ತು. ಒತಿಯೆನೊನೂ ನಾನೂ ಸೇರಿ ಮೊರ ತುಂಬಿ ಕೊಟ್ಟೆವು. ಹೊಟ್ಟು ಹೊಗೆಯಂತೆ ಹಾರಿ ಹೋಯಿತು, ಕಾಳು ಸುರಿದು ರಾಶಿ ನಿಂತಿತು. ಕೆಂಪಮ್ಮ ಸಗಣಿಯ ಬೆನಕನನ್ನು ಮಾಡಿ, ಗರಿಕೆ ಸಿಕ್ಕಿಸಿ, ರಾಶಿಯ ನೆತ್ತಿಯ ಮೇಲಿಟ್ಟರು. ಆಮೇಲೆ ತುಟಿಯ ಮೇಲೆ ಬೆರಳಿಟ್ಟರು.

ಆ ಮನೆಯ ಕಟ್ಟಳೆ ಅದು. ಬೆನಕ ಕೂತ ಮೇಲೆ ಕೊನೆಯ ಕೊಳಗ ಅಳೆದು ಮುಗಿಯುವವರೆಗೆ ಕಣದಲ್ಲಿ ಯಾರೂ ಮಾತಾಡುವಂತಿಲ್ಲ. ಮಾತಾಡಿದರೆ ರಾಶಿ ಸೊರಗುತ್ತದೆ ಎಂದು ನಂಬಿಕೆ.

ಅಳೆದು ಮುಗಿಯುವಷ್ಟರಲ್ಲಿ ಕತ್ತಲಾಗುತ್ತದೆ. ಕತ್ತಲಾದರೆ ಒತಿಯೆನೊನಿಗೆ ತುಟಿ ಕಾಣದು, ಅವನ ಪಾಲಿಗೆ ಪಾಠವೂ ಇಲ್ಲ. ನಾನು ಪ್ರೊಫೆಸರರನ್ನು ನೋಡಿದೆ. ಅವರು ಇಳಿಯುವ ಹೊತ್ತನ್ನು ನೋಡಿದರು, ತಾಯಿಯನ್ನು ನೋಡಿದರು. ಕೆಂಪಮ್ಮನ ಬೆರಳು ತುಟಿಯ ಮೇಲೇ ಇತ್ತು. ಒತಿಯೆನೊ ಮಾತ್ರ ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತಿದ್ದ. ಎಲ್ಲರ ಬಾಯಿಯೂ ಮುಚ್ಚಿರುವುದನ್ನು ಕಂಡು, ಏನೋ ಆಗಿದೆ ಎಂದು ಅವನಿಗೆ ಗಾಬರಿಯಾಯಿತು. ಕೆಂಪಮ್ಮ ಕೈಯಲ್ಲೇ ತಿಳಿಸಿದರು. ರಾಶಿಯನ್ನು ತೋರಿಸಿದರು, ಬಾಯಿಯನ್ನು ತೋರಿಸಿದರು, ಅಂಗೈ ಅಡ್ಡ ಆಡಿಸಿದರು. ಅವನಿಗೆ ಅರ್ಥವಾಯಿತು. ಆಗ ಅವನ ಮುಖದಲ್ಲಿ ಬಂದ ಬೆಳಕನ್ನು ನಾನು ಆ ವರ್ಷವಿಡೀ ನೋಡಿರಲಿಲ್ಲ.

ತಿಮ್ಮಣ್ಣ ಅಳೆಯತೊಡಗಿದರು. ಚೀಲ ಹಿಡಿಯುವವರು, ಕಾಳು ಒತ್ತರಿಸುವವರು, ಎಲ್ಲರೂ ಕಣ್ಣಿನಲ್ಲಿ, ಗಲ್ಲದಲ್ಲಿ, ಬೆರಳಿನಲ್ಲಿ ಮಾತಾಡಿದರು. ಕೊಳಗ ಕಾಳಿಗಿಳಿಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ.

ಪ್ರೊಫೆಸರು ಕಣದ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತರು. ಅಲ್ಲಿ ನುಣ್ಣನೆಯ ಹೊಟ್ಟು ಒಂದು ಪದರ ಬಿದ್ದಿತ್ತು. ಅಂಗೈಯಿಂದ ಅದನ್ನು ಸಮಮಾಡಿ ಬೆರಳಿನಿಂದ ಒಂದು ಗೆರೆ ಎಳೆದರು. ಪಡುವಣ ಕರಾವಳಿ. ಅದರ ಪಕ್ಕ ಬೆಟ್ಟದ ಸಾಲಿಗೆ ಚಿವುಟಿ ಚಿವುಟಿ ಹೊಟ್ಟನ್ನು ಎಬ್ಬಿಸಿದರು. ಕಡಲಿನಿಂದ ಅಂಗೈಯನ್ನು ತಂದು, ಬೆಟ್ಟದ ಮೇಲೆ ಏರಿಸಿ, ಬೆರಳು ಉದುರಿಸಿ ಮಳೆ ಸುರಿಸಿದರು. ಆಮೇಲೆ ಬರಿದಾದ ಅಂಗೈಯನ್ನು ನಾವು ಕೂತಿದ್ದ ಜಾಗಕ್ಕೆ ತಂದು ಬಿಟ್ಟರು. ನಾಗಮಂಗಲದ ಸೀಮೆ, ಮಳೆಯ ನೆರಳು, ರಾಗಿ. ನಾನು ಸ್ಲೇಟು ಎತ್ತಿಕೊಂಡಿದ್ದೆ. ಬರೆಯಲು ಏನೂ ಇರಲಿಲ್ಲ.

ಒತಿಯೆನೊ ಮುಂದೆ ಸರಿದು ಬೇರೆಡೆ ಹೊಟ್ಟು ಸಮಮಾಡಿದ. ದೊಡ್ಡದೊಂದು ಸರೋವರ ಬರೆದ. ಹಗಲು ಗಾಳಿ ನೀರಿನಿಂದ ನೆಲಕ್ಕೆ, ರಾತ್ರಿ ನೆಲದಿಂದ ನೀರಿಗೆ. ಎರಡು ಕೈಯಲ್ಲೂ ತೋರಿಸಿದ, ಮೀನಿನ ದೋಣಿಗಳನ್ನು ಅದರ ಮೇಲೆ ಹೊರಡಿಸಿದ, ಬೆಳಿಗ್ಗೆ ದಡಕ್ಕೆ ತಂದ. ಪ್ರೊಫೆಸರು ಹುಬ್ಬಿನಲ್ಲಿ ಪ್ರಶ್ನೆ ಕೇಳಿದರು. ಅವನು ಉತ್ತರಿಸಿದ. ಅವರು ತಲೆಯಾಡಿಸಿ ಒಂದು ಗೆರೆ ಒರೆಸಿ ಬೇರೆ ಎಳೆದರು. ಅವನು ಒಪ್ಪಲಿಲ್ಲ, ಮತ್ತೆ ತನ್ನ ಗೆರೆಯನ್ನೇ ಎಳೆದ. ಇಬ್ಬರೂ ಹೊತ್ತು ಮುಳುಗುವವರೆಗೆ ವಾದ ಮಾಡಿದರು. ಏನು ವಾದವೆಂದು ನನಗೆ ಪೂರ್ತಿ ತಿಳಿಯಲಿಲ್ಲ. ಆ ಕಣದಲ್ಲಿ ಪಾಠದಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿ ನಾನೊಬ್ಬನೇ.

ಕೊನೆಗೆ ಪ್ರೊಫೆಸರು ಹಾಜರಿ ಪುಸ್ತಕ ತೆರೆದರು. ತಲೆ ಬಗ್ಗಿಸಲಿಲ್ಲ. ಅವನ ಕಣ್ಣು ತಮ್ಮ ಕಣ್ಣಿಗೆ ಸಿಗುವವರೆಗೆ ಕಾದು, ಹುಬ್ಬೆತ್ತಿದರು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. ಅವರು ಬರೆದುಕೊಂಡರು.

ತಿಮ್ಮಣ್ಣ ಕೊನೆಯ ಕೊಳಗ ಸುರಿದು ಚೀಲದ ಬಾಯಿ ಹಿಡಿದಾಗ ಕೆಂಪಮ್ಮ ಬೆರಳು ತೆಗೆದರು. “ಉಸ್ಸಪ್ಪಾ,” ಅಂದರು. “ಈ ಮಗೀನಂಗೆ ಇರೋದು ಎಷ್ಟ್ ಕಷ್ಟ ಮಾರಾಯ.” ಅದನ್ನು ನಾನು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಕಷ್ಟ ಇಲ್ಲ, ಇವತ್ತು ಎಲ್ಲರೂ ನಮ್ಮೂರಿಗೆ ಬಂದಿದ್ದಿರಿ ಎಂದು ಹೇಳಿದ.

ಹೆಸರು ಉಳಿಯಿತು. ಅನುಮತಿಯೂ ಉಳಿಯಿತು. ಅಂದಿನಿಂದ ನಂಜೇಗೌಡರು ತರಗತಿಯಲ್ಲೂ ಒಂದೊಂದು ನಂಬರಿಗೆ ತಲೆ ಎತ್ತಿ ಮುಖ ನೋಡಿಯೇ ಬರೆಯತೊಡಗಿದರು. ದನಿ ಬದಲಿಸಿ ಕೂಗುತ್ತಿದ್ದವರೆಲ್ಲ ಸಿಕ್ಕಿಬಿದ್ದರು. “ನಿನ್ನಿಂದ ನಮಗೆಲ್ಲ ಬತ್ತಿ ಬಿತ್ತಲ್ಲೋ,” ಎಂದು ಹುಡುಗರು ಅವನ ಬೆನ್ನಿಗೆ ಗುದ್ದಿದರಂತೆ. ಗುದ್ದಿದ ಮೇಲೆ ಕಾಫಿಗೆ ಕರೆದುಕೊಂಡು ಹೋದರಂತೆ. ಮಾರ್ಚಿನ ಹೊತ್ತಿಗೆ ಅವರಲ್ಲಿ ನಾಲ್ಕೈದು ಜನಕ್ಕೆ ಕೈಯಲ್ಲಿ ಜಗಳವಾಡುವಷ್ಟು ಭಾಷೆ ಬಂದಿತ್ತು.

ಅದೇ ತಿಂಗಳ ಒಂದು ಬೆಳಿಗ್ಗೆ ಒತಿಯೆನೊ ರೈಲಿಗೆ ಹೋಗಲಿಲ್ಲ. ಕಾಯಿಲೆಯೇನೂ ಇರಲಿಲ್ಲ. ಹೊಳೆಯ ಮೆಟ್ಟಿಲ ಮೇಲೆ ಕೂತು ನೀರು ನೋಡಬೇಕೆನ್ನಿಸಿತಂತೆ, ಕೂತ. ಮಧ್ಯಾಹ್ನದವರೆಗೂ ಅಲ್ಲೇ ಇದ್ದ. ಸಂಜೆ ಸುಜಾತ ನೋಟ್ಸಿನ ಪ್ರತಿ ಕೊಡಲು ಇಳಿದು ಬಂದಳು.

“ಇವ್ನ ನಂಬರ್ ಬಂದಾಗ ಸಾರ್ ಬೆಂಚ್ ನೋಡಿದ್ರು,” ಎಂದು ನನಗೆ ಹೇಳಿದಳು. “ಖಾಲಿ ಇತ್ತು. ಎಲ್ಲಿ ಇವತ್ತು ಅಂತ ಕೇಳಿದ್ರು. ಗೊತ್ತಿಲ್ಲ ಸಾರ್ ಅಂದೆ. ಇನ್ನೊಂದ್ಸಲ ಬೆಂಚ್ ನೋಡಿ ಗೈರು ಹಾಕ್ಕೊಂಡ್ರು.”

ಅದನ್ನು ಬರೆದು ತೋರಿಸಿದೆ. ಅವನು ಎರಡು ಸಲ ಓದಿದ. ನಿಜವಾಗಿ ಬೆಂಚನ್ನು ನೋಡಿದರೇ ಎಂದು ಸುಜಾತಳನ್ನು ಕೇಳಿದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ಗಟ್ಟಿಯಾಗಿ ನಕ್ಕ, ಎಷ್ಟು ಗಟ್ಟಿ ಎಂದು ತಿಳಿಯದ ಅವನ ನಗು ಬೀದಿಯ ತನಕ ಹೋಯಿತು. ಅಡುಗೆಮನೆಯಿಂದ ಅವ್ವ ಇಣುಕಿದಳು.

“ಏನಂತ್ಲಾ ಒತ್ಯಪ್ಪಂಗೆ?”

“ಇವತ್ತು ಇವನು ಬರಲಿಲ್ಲ ಅಂತ ಮೇಷ್ಟ್ರು ಬರಕೊಂಡ್ರಂತೆ ಅವ್ವ.”

“ಬರ್ದೇ ಇದ್ರೆ ಬರ್ಲಿಲ್ಲ ಅಂತ್ಲೇ ಅಲ್ವಾ ಬರ್ಕೊಳಾದು,” ಅಂದು ಅವ್ವ ಒಳಗೆ ಹೋದಳು. ಅವನು ಇನ್ನೂ ನಗುತ್ತಲೇ ಇದ್ದ.